ಮಂತ್ರಕ್ಕೆ ಮಾವಿನಕಾಯಿ ಉದುರಲ್ಲ: ಆಫೀಸ್ ಕೆಲಸಕ್ಕೆ ಎಐ ಹತ್ತಿರ ಏನು ಕೇಳಬೇಕು, ಹೇಗೆ ಕೇಳಬೇಕು?

ನಮಸ್ಕಾರ. ವೀಕ್ಷಕರೊಬ್ಬರು ಒಂದು ಪ್ರಶ್ನೆ ಕಳಿಸಿದ್ದಾರೆ. ಸಣ್ಣ ಕಾರ್ಖಾನೆಯೊಂದರಲ್ಲಿ ಬಿಲ್, ಬಾಕಿ, ಪತ್ರ ವ್ಯವಹಾರ ನೋಡಿಕೊಳ್ಳುವವರು. "ವಾಟ್ಸಾಪ್‌ನಲ್ಲಿ '100 ಮ್ಯಾಜಿಕ್ ಪ್ರಾಂಪ್ಟ್' ಅನ್ನೋ ಪಿಡಿಎಫ್ ಬಂತು. ಅದರಲ್ಲಿರೋ ಹಾಗೇ ಹಾಕಿದರೂ ಉತ್ತರ ಸಪ್ಪೆಯಾಗಿ ಬರುತ್ತದೆ. ಯಾಕೆ?"

ಪ್ರಾಂಪ್ಟ್ ಅಂದರೆ ಚಾಟ್‌ಜಿಪಿಟಿಯಂಥ ಚಾಟ್‌ಬಾಟ್‌ಗೆ ನಾವು ಬರೆಯುವ ಮಾತು. ಅದನ್ನು ಓದಿ, ಮುಂದೆ ಯಾವ ಪದ ಅಥವಾ ಪದದ ತುಣುಕು ಬರಬಹುದು ಎಂದು ಒಂದೊಂದಾಗಿ ಊಹಿಸುತ್ತಾ ಅದು ಬರೆಯುತ್ತದೆ. ಇಷ್ಟು ನಿಮಗೆ ಗೊತ್ತಿದೆ ಅಲ್ವಾ? ಹಾಗಾದರೆ ನನಗೆ ತುಂಬಾ ಇಷ್ಟವಾದ ಒಂದು ಪ್ರಯೋಗಕ್ಕೆ ಹೋಗೋಣ.

[ಪರದೆಯಲ್ಲಿ: 2022]

ಟೋಕಿಯೊ ವಿಶ್ವವಿದ್ಯಾಲಯ ಮತ್ತು ಗೂಗಲ್‌ನ ಸಂಶೋಧಕರು ಒಂದು ಭಾಷಾ ಮಾದರಿಗೆ, ಅಂದರೆ ಚಾಟ್‌ಬಾಟ್‌ನ ಒಳಗೆ ಹೀಗೆ ಊಹಿಸಿ ಬರೆಯುವ ಯಂತ್ರಕ್ಕೆ, ಶಾಲೆಯ ಮಕ್ಕಳು ಮಾಡುವಂಥ ಲೆಕ್ಕಗಳನ್ನು ಕೊಟ್ಟರು. ಇಷ್ಟು ಹಣ್ಣಿತ್ತು, ಇಷ್ಟು ಕೊಟ್ಟ, ಇನ್ನಿಷ್ಟು ತಂದ, ಈಗ ಎಷ್ಟಿದೆ, ಆ ಥರದ್ದು. ನೇರವಾಗಿ ಉತ್ತರ ಕೇಳಿದಾಗ ಸರಿಯಾಗಿದ್ದು ಶೇ. 17.7. ಆಮೇಲೆ ಉತ್ತರ ಶುರುವಾಗುವ ಜಾಗದಲ್ಲಿ ಒಂದೇ ಒಂದು ಸಾಲು ಸೇರಿಸಿದರು: "ಹಂತ ಹಂತವಾಗಿ ಯೋಚಿಸೋಣ." ಮಾದರಿ ಅದೇ, ಲೆಕ್ಕಗಳೂ ಅವೇ. ಸರಿಯುತ್ತರ ಶೇ. 78.7ಕ್ಕೆ ಏರಿತು!

ಇಲ್ಲಿಗೆ ಬಿಟ್ಟರೆ "ಓಹೋ, ಇದೇ ಆ ಮ್ಯಾಜಿಕ್ ಸಾಲು" ಅಂತೀರಿ. ಅವರು ಇಲ್ಲಿಗೆ ಬಿಡಲಿಲ್ಲ. ಅದೇ ಜಾಗದಲ್ಲಿ ಬೇರೆ ಸಾಲುಗಳನ್ನೂ ಹಾಕಿ ನೋಡಿದರು.

[ಪರದೆಯಲ್ಲಿ ಒಂದೊಂದೇ ಸಾಲು ಮೂಡುತ್ತದೆ]

"ಅಬ್ರಕಡಬ್ರ": 15.5. "ಅಂದ ಹಾಗೆ, ಹತ್ತಿರದಲ್ಲೇ ಒಂದು ಒಳ್ಳೆ ಹೋಟೆಲ್ ಸಿಕ್ಕಿತು": 17.5. ಹೌದು, ನಿಜವಾಗಲೂ ಇದನ್ನೂ ಹಾಕಿದ್ದರು! "ತರ್ಕದಿಂದ ಯೋಚಿಸೋಣ": 74.5. ಇನ್ನು "ಮೊದಲಿಗೆ" ಅನ್ನುವ ಒಂದೇ ಒಂದು ಪದ: 77.3.

ಈ ಕೊನೆಯ ಸಂಖ್ಯೆ ನೋಡಿ ನಾನು ಸುಮಾರು ಹೊತ್ತು ಅಲ್ಲೇ ನಿಂತುಬಿಟ್ಟೆ. "ಮೊದಲಿಗೆ" ಅನ್ನುವುದರಲ್ಲಿ ಏನು ಮಹಿಮೆ ಇದೆ? ಏನೂ ಇಲ್ಲ. ಆದರೆ "ಮೊದಲಿಗೆ" ಅಂತ ಶುರು ಮಾಡಿದವರು ನೇರವಾಗಿ ಉತ್ತರ ಹೇಳಲು ಆಗುವುದಿಲ್ಲ. ಕ್ರಮ ಬರೆಯಲೇಬೇಕು.

ನಮ್ಮ ಗಣಿತದ ಮೇಷ್ಟ್ರು ಹೇಳುತ್ತಿದ್ದದ್ದೂ ಇದನ್ನೇ: "ಉತ್ತರ ಮಾತ್ರ ಸಾಲದು, ಕ್ರಮ ಬರೀರಿ." ಅದು ಅಂಕಕ್ಕಾಗಿ ಅಂದುಕೊಂಡಿದ್ದೆವು. ಈ ಯಂತ್ರಕ್ಕಂತೂ ಕ್ರಮ ಬರೆಯುವುದೇ ಲೆಕ್ಕ ಮಾಡುವುದು. ತಾನು ಬರೆದದ್ದನ್ನೂ ಓದಿಕೊಂಡೇ ಅದು ಮುಂದಿನ ತುಣುಕು ಬರೆಯುತ್ತದೆ. 48ರಲ್ಲಿ 15 ಹೋದರೆ 33 ಅಂತ ಹಾಳೆಯ ಮೇಲೆ ಬಂದಿದ್ದರೆ, ಆ 33 ಮುಂದಿನ ಸಾಲಿಗೆ ಸಿಗುತ್ತದೆ. ಕೂಡುವಾಗ ಮೇಲೆ ಪುಟ್ಟದಾಗಿ ದಶಕ ಬರೆದುಕೊಳ್ಳುತ್ತಿದ್ದೆವಲ್ಲ, ಹಾಗೆ. ಬರೆಯದೆ ಬಿಟ್ಟ ದಶಕ ಎಷ್ಟು ಸಲ ಕೈಕೊಟ್ಟಿಲ್ಲ!

ಈಗ ಆ ಸಾಲನ್ನು ಉರು ಹೊಡೆಯುವ ಅಗತ್ಯ ಜಾಸ್ತಿ ಇಲ್ಲ. 2024ರ ಸೆಪ್ಟೆಂಬರ್‌ನಲ್ಲಿ ಚಾಟ್‌ಜಿಪಿಟಿ ತಯಾರಿಸಿದ ಓಪನ್‌ಎಐ ಕಂಪನಿ ಒ1 ಎಂಬ ಮಾದರಿ ತಂದಿತು. ಅಲ್ಲಿಂದೀಚೆಗೆ ಬಂದ ಎಷ್ಟೋ ಮಾದರಿಗಳು ಉತ್ತರಕ್ಕೆ ಮೊದಲು ತಾವೇ ಕ್ರಮ ಬರೆದುಕೊಳ್ಳುತ್ತವೆ. ಆದರೆ ಲೆಕ್ಕದ ಸಂಖ್ಯೆಗಳನ್ನು ನಾವೇ ಕೊಡಬೇಕು. ನಮ್ಮ ವೀಕ್ಷಕರ ತೊಂದರೆ ಇರುವುದು ಅಲ್ಲೇ.

ಪಿಡಿಎಫ್ ನೋಡಿ ಅವರು ಹಾಕಿದ ಪ್ರಾಂಪ್ಟ್ ಇದು: "ನೀನು 20 ವರ್ಷ ಅನುಭವವಿರುವ ಬಿಸಿನೆಸ್ ತಜ್ಞ. ಬಾಕಿ ಹಣ ಕೇಳಿ ಗ್ರಾಹಕರಿಗೆ ಅತ್ಯುತ್ತಮ ಇಮೇಲ್ ಬರೆ." ಎಷ್ಟು ಬಾಕಿ? ಎಷ್ಟು ದಿನದಿಂದ? ಹಳೇ ಗ್ರಾಹಕರಾ, ಹೊಸಬರಾ? ಒಂದೂ ಇಲ್ಲ. ಹಣ್ಣೆಷ್ಟಿತ್ತು ಅಂತ ಹೇಳದೆ ಉಳಿದದ್ದೆಷ್ಟು ಅಂತ ಕೇಳಿದ ಹಾಗಾಯಿತು. ಯಾವ ಊರಿನ ಯಾವ ಬಾಕಿಗಾದರೂ ಹೊಂದುವ ಪತ್ರ ಬಂತು, ಅದಕ್ಕೇ ಸಪ್ಪೆ.

[ಪರದೆಯಲ್ಲಿ ಹೊಸ ಪ್ರಾಂಪ್ಟ್]

"ಎಂಟು ವರ್ಷದಿಂದ ನಮ್ಮ ಹತ್ತಿರ ಮಾಲು ತೆಗೆದುಕೊಳ್ಳುವ ಗ್ರಾಹಕರು. 1,40,000 ರೂಪಾಯಿ ಬಿಲ್, ಗಡುವು ಮುಗಿದು 60 ದಿನ. ಎರಡು ಸಲ ಫೋನ್ ಮಾಡಿದ್ದೇವೆ. ಸಂಬಂಧ ಕೆಡಬಾರದು, ಆದರೆ ಹಣ ಬರದೆ ಹೊಸ ಆರ್ಡರ್ ಕಳಿಸಲು ಆಗುವುದಿಲ್ಲ. ಆರು ಸಾಲು ಮೀರಬಾರದು. ಯಾವ ತಾರೀಖಿಗೆ ಕೊಡುತ್ತೀರಿ ಎಂದು ಕೊನೆಯಲ್ಲಿ ಕೇಳಬೇಕು."

ಇದರಲ್ಲಿ ತಜ್ಞರೂ ಇಲ್ಲ, ಮ್ಯಾಜಿಕ್ಕೂ ಇಲ್ಲ. ಆ ಪಿಡಿಎಫ್ ಬರೆದವರಿಗೆ ಗೊತ್ತಿರಲು ಸಾಧ್ಯವೇ ಇಲ್ಲದ, ನಿಮಗೆ ಮಾತ್ರ ಗೊತ್ತಿರುವ ಸಂಗತಿಗಳಿವೆ.

ವಿಡಿಯೋ ಉದ್ದವಾಗುತ್ತಿದೆ, ಉಳಿದದ್ದು ಬೇಗ ಬೇಗ ಹೇಳುತ್ತೇನೆ. ನಿಮ್ಮ ಧಾಟಿಯಲ್ಲೇ ಬೇಕಾದರೆ ನೀವೇ ಹಿಂದೆ ಬರೆದ ಎರಡು ಪತ್ರಗಳನ್ನು ಜೊತೆಗೆ ಹಾಕಿ. ಒಂದೆರಡು ಉದಾಹರಣೆ ಕೊಟ್ಟರೆ ಕೆಲಸ ಸುಧಾರಿಸುತ್ತದೆ ಎಂದು 2020ರಲ್ಲೇ ಓಪನ್‌ಎಐನ ಜಿಪಿಟಿ-3 ಎಂಬ ಭಾಷಾ ಮಾದರಿಯ ತಂಡ ತೋರಿಸಿತ್ತು. ಏನು ಕೊಡಬೇಕೆಂದು ಹೊಳೆಯದಿದ್ದರೆ "ಬರೆಯುವ ಮೊದಲು ನಿನಗೆ ಬೇಕಾದದ್ದನ್ನು ನನ್ನನ್ನೇ ಕೇಳು" ಅನ್ನಿ. ಮತ್ತೆ, ಬಂದದ್ದನ್ನು ದಯವಿಟ್ಟು ಓದಿ ನೋಡಿ. 2023ರಲ್ಲಿ ನ್ಯೂಯಾರ್ಕ್‌ನ ಇಬ್ಬರು ವಕೀಲರು ಚಾಟ್‌ಜಿಪಿಟಿ ಹುಟ್ಟುಹಾಕಿದ, ಇಲ್ಲದೇ ಇರುವ ತೀರ್ಪುಗಳನ್ನು ಕೋರ್ಟಿಗೆ ಕೊಟ್ಟಿದ್ದಕ್ಕೆ 5,000 ಡಾಲರ್ ದಂಡ ಬಿತ್ತು.

ಆಫೀಸಲ್ಲಿ ನಿಮಗೆ ಸಪ್ಪೆ ಉತ್ತರ ಕೊಟ್ಟ ಪ್ರಾಂಪ್ಟ್ ಇದ್ದರೆ ಕಾಮೆಂಟಲ್ಲಿ ಹಾಕಿ, ಒಟ್ಟಿಗೆ ತಿದ್ದೋಣ. ಗ್ರಾಹಕರ ಹೆಸರು, ಫೋನ್ ನಂಬರ್, ಖಾತೆ ನಂಬರ್ ತೆಗೆದುಹಾಕಿ. ಕಾಮೆಂಟಲ್ಲಿ ಮಾತ್ರ ಅಲ್ಲ, ಚಾಟ್‌ಬಾಟ್‌ಗೆ ಹಾಕುವಾಗಲೂ.