ಮನೆ ಮುಂದಿನ ಕಾಂಕ್ರೀಟಿಗೆ ಫೈಬರ್ ಹಾಕಿದೆವು

ಅಂಗೈ ಮೇಲೆ ಇರುವುದೇ ಪಾಲಿಪ್ರೊಪಿಲೀನ್ ಫೈಬರ್, ಅಂದರೆ ಸಣ್ಣ ಪ್ಲಾಸ್ಟಿಕ್ ಎಳೆಗಳು. ಒಂದೊಂದು ಎಳೆ 12 ಮಿಲಿಮೀಟರ್. ಪ್ಯಾಕೆಟ್ 125 ಗ್ರಾಂ, 50 ಕೆಜಿ ಸಿಮೆಂಟ್ ಮೂಟೆಗೆ ಒಂದು. ಕಾರು ನಿಲ್ಲಿಸುವ ಜಾಗಕ್ಕೆ ಹಾಕಿಸುತ್ತಿದ್ದೇನೆ.

ಚಿತ್ರದುರ್ಗದ ಗಾಳಿ ಕೇಳಿಸುತ್ತಿದೆ ಅಲ್ವಾ? ಹಸಿ ಕಾಂಕ್ರೀಟಿಗೆ ಇದೇ ಶತ್ರು. ಬಿಸಿಲು, ಗಾಳಿ ಸೇರಿ ಮೇಲಿನ ನೀರನ್ನು ಎಳೆದುಬಿಡುತ್ತವೆ. ಗಟ್ಟಿಯಾಗುವ ಮೊದಲೇ ಮೇಲ್ಭಾಗ ಕುಗ್ಗಿ ಬಿರುಕು ಬಿಡುತ್ತೆ. ಈ ಎಳೆಗಳು ಅದನ್ನು ಶುರುವಿನಲ್ಲೇ ಹಿಡಿಯುತ್ತವೆ.

ಹಾಂ, ಇದನ್ನು ನೋಡಿ. ನನಗೆ ಸಿಟ್ಟು ಬಂದದ್ದು ಇಲ್ಲೇ. ಮಿಕ್ಸರಿಗೆ ಜಲ್ಲಿ, ಎಂ-ಸ್ಯಾಂಡ್, ಸಿಮೆಂಟ್, ನೀರು ಎಲ್ಲ ಬಿದ್ದ ಮೇಲೆ ಹುಡುಗ ಇಡೀ ಪ್ಯಾಕೆಟ್ ಒಂದೇ ಸಲ ಕವುಚಿಬಿಟ್ಟ. ಸುರಿದರೆ ಉಂಡೆ ಉಂಡೆ! ಒಂದನ್ನು ಒಡೆದೆ. ಒಳಗೆ ಬೆಳ್ಳಗೆ ಒಣ ಎಳೆ, ಸಿಮೆಂಟ್ ಮುಟ್ಟೇ ಇಲ್ಲ. ಬಿರುಕು ತಡೆಯುವುದಿರಲಿ, ಅದೇ ಒಂದು ಪೊಳ್ಳು ಜಾಗ. "ಇನ್ನೊಂದು ಬಕೆಟ್ ನೀರು ಬಿಟ್ಟರೆ ಬಿಡಿಸಿಕೊಳ್ಳುತ್ತೆ ಸಾರ್" ಎಂದರು ಮೇಸ್ತ್ರಿ. "ಬೇಡ ಮೇಸ್ತ್ರಿ, ನೀರು ಮಾತ್ರ ಬೇಡ" ಅಂದೆ. ಫೈಬರ್ ಬಿದ್ದರೆ ಕಲಸು ಬಿರುಸಾಗುವುದು ಸಹಜ. ನೀರು ಜಾಸ್ತಿ ಮಾಡಿದರೆ ಬಲವೂ ಹೋಯ್ತು, ಬಿರುಕೂ ಬಂತು. ಅಷ್ಟನ್ನೂ ಕಾಂಪೌಂಡ್ ಪಕ್ಕ ಸುರಿಸಿದೆ. ಒಂದು ಮೂಟೆ ಸಿಮೆಂಟ್ ದಂಡ, ಹೊಟ್ಟೆ ಉರಿಯುತ್ತೆ.

ಇದು ಮುಂದಿನ ಮಿಕ್ಸ್. ಒಣ ಜಲ್ಲಿ, ಮರಳಿನ ಮೇಲೆ ಸ್ವಲ್ಪ ಸ್ವಲ್ಪವೇ ಉದುರಿಸಿ, ತಿರುಗಿಸಿ, ಆಮೇಲೆ ನೀರು. ಹತ್ತಿರದಿಂದ ನೋಡಿ, ಪ್ರತಿ ಜಲ್ಲಿಗೂ ಎರಡು ಮೂರು ಎಳೆ ಬಿಡಿಬಿಡಿಯಾಗಿ ಅಂಟಿವೆ. ಹೀಗಿರಬೇಕು.

ಅಜ್ಜಿ ಮನೆಯ ಮಣ್ಣಿನ ಗೋಡೆಯಲ್ಲಿ ಹುಲ್ಲು ಇಣುಕುತ್ತಿತ್ತು. ಕಿತ್ತರೆ ಬೈಯುತ್ತಿದ್ದರು. ಅದೂ ಬಿರುಕು ಹಿಡಿಯಲಿಕ್ಕೇ. ಈಗ ಸುರಂಗಗಳಿಗೆ ತುದಿ ಬಾಗಿಸಿದ ಉಕ್ಕಿನ ಎಳೆ ಹಾಕುತ್ತಾರೆ. ಜೊತೆಗೆ ಈ ಪ್ಲಾಸ್ಟಿಕ್ ಎಳೆಯನ್ನೂ ಹಾಕುವುದುಂಟು. ಬೆಂಕಿ ಬಿದ್ದರೆ ಇದು ಸುಮಾರು 160 ಡಿಗ್ರಿಗೆ ಕರಗಿ, ಒಳಗಿನ ಹಬೆಗೆ ದಾರಿ ಬಿಡುತ್ತೆ, ಕಾಂಕ್ರೀಟ್ ಸಿಡಿಯುವುದು ತಪ್ಪುತ್ತೆ. ಎಂಥ ಉಪಾಯ ನೋಡಿ! ಅಯ್ಯೋ, ಮಟ್ಟ ಹೊಡೆಯುವುದು ಮುಗಿಯುತ್ತಾ ಬಂತು.

ಬೇಗ ಹೇಳಿಬಿಡುತ್ತೇನೆ. ಇದು ಕಂಬಿಗೆ ಬದಲಿ ಅಲ್ಲ. "ಫೈಬರ್ ಇದೆಯಲ್ಲ, ತಾರಸಿ ಮೋಲ್ಡಿಗೆ ಕಂಬಿ ಕಡಿಮೆ ಹಾಕಿ" ಎಂದು ಯಾರಾದರೂ ಅಂದರೆ ಕೇಳಲೇಬೇಡಿ. ಕಂಬಿ ಇಂಜಿನಿಯರ್ ಹೇಳಿದಷ್ಟೇ. ಗೋಡೆ ಗಾರೆಗೆ ಫೈಬರ್ ದಂಡ ಅಂತ ಬೆಳಗ್ಗೆವರೆಗೂ ಅಂದುಕೊಂಡಿದ್ದೆ. ಈ ಬಿಸಿಲು ನೋಡಿದರೆ ಪಶ್ಚಿಮದ ಗೋಡೆಗೆ 6 ಮಿಲಿಮೀಟರಿನದು ತರಿಸೋಣ ಅನ್ನಿಸುತ್ತಿದೆ. ಆದರೆ ಫೈಬರ್ ಹಾಕಿದ್ದೇವೆ ಅಂತ ಕ್ಯೂರಿಂಗ್, ಅಂದರೆ ಕಾಂಕ್ರೀಟನ್ನು ಒದ್ದೆಯಾಗಿಡುವುದು, ಬಿಡುವಂತಿಲ್ಲ. ಸಂಜೆಗೆ ಒದ್ದೆ ಗೋಣಿಚೀಲ ಹೊದಿಸಬೇಕು, ಚೀಲ ಇನ್ನೂ ಬಂದೇ ಇಲ್ಲ. ಇರಿ, ಫೋನ್ ಮಾಡಿ ಬರುತ್ತೇನೆ.