ನಂಬರ್ ಟೀಮಿಂದು, ಅಭಿಮಾನಿ ಡ್ರೈವರ್‌ನೋನು

ನಮಸ್ಕಾರ. ಅಮೆರಿಕದ ಕಾರ್ ರೇಸ್ ಆದ ನ್ಯಾಸ್ಕಾರ್ ನೋಡೋಕೆ ಹೊಸದಾಗಿ ಶುರು ಮಾಡಿದವರು ಮೊದಲು ತಲೆ ಕೆಡಿಸ್ಕೊಳ್ಳೋದು ಡ್ರೈವರ್ ಟೀಮ್ ಬಿಟ್ರೆ ಕಾರಿನ ನಂಬರ್ ಯಾಕೆ ಬದಲಾಗುತ್ತೆ ಅನ್ನೋದ್ರಲ್ಲೇ. ಕೈಲ್ ಬುಶ್ 2008ರಿಂದ 2022ರವರೆಗೆ 18ನೇ ನಂಬರ್ ಕಾರು ಓಡಿಸಿದ್ರು. 2023ಕ್ಕೆ ಟೀಮ್ ಬದಲಾಯ್ತು, ನಂಬರ್ 8 ಆಯ್ತು, ಟೊಯೋಟಾ ಹೋಗಿ ಶೆವ್ರೊಲೆ ಬಂತು. ಹದಿನೈದು ವರ್ಷ 18ರ ಟೋಪಿ ಹಾಕ್ಕೊಂಡವರು ಏನ್ ಮಾಡ್ಬೇಕು? ಬಹುಪಾಲು ಜನ ಹೊಸ ಟೋಪಿ ತಗೊಂಡ್ರು. ಅಭಿಮಾನ ನಂಬರ್ ಮೇಲಲ್ಲ, ಸ್ಟೀರಿಂಗ್ ಹಿಡಿದವರ ಮೇಲೆ.

ಯಾಕೆ ಹೀಗೆ ಅಂತ ಗೊತ್ತಾಗ್ಬೇಕಾದ್ರೆ ನಂಬರ್ ಯಾರದ್ದು ಅನ್ನೋದು ತಿಳಿದಿರ್ಬೇಕು. ಎಲ್ಲಾ ನಂಬರ್‌ಗಳೂ ನ್ಯಾಸ್ಕಾರ್ ಸಂಸ್ಥೆಯ ಕೈಲಿವೆ. ಟೀಮ್ ಮಾಲೀಕರು ವರ್ಷಾವರ್ಷ ಅದರ ಲೈಸೆನ್ಸ್ ತಗೋತಾರೆ. ಆ ಅಂಕಿ ಬರೆಯೋ ಶೈಲಿ, ಅಂದ್ರೆ ಅದರ ವಾಲಿಕೆ, ಅಂಚು, ನೆರಳು, ಸಾಮಾನ್ಯವಾಗಿ ಟೀಮಿನ ಟ್ರೇಡ್‌ಮಾರ್ಕ್. ಡ್ರೈವರ್ ಟೀಮ್ ಬಿಟ್ಟಾಗ ಜೊತೆಗೆ ಹೋಗೋದು ಅವರ ಹೆಸರು, ಹೆಲ್ಮೆಟ್, ಅದೃಷ್ಟ ಇದ್ರೆ ಒಬ್ಬ ಸ್ಪಾನ್ಸರ್. ನಮ್ಮ ಆರ್‌ಸಿಬಿ 2023ರಲ್ಲಿ ಡಿವಿಲಿಯರ್ಸ್ ಅವರ 17, ಗೇಲ್ ಅವರ 333 ಇನ್ಮೇಲೆ ಯಾರಿಗೂ ಕೊಡಲ್ಲ ಅಂತ ಹೇಳ್ತಲ್ಲ, ನ್ಯಾಸ್ಕಾರ್‌ನಲ್ಲಿ ಅಧಿಕೃತವಾಗಿ ಆ ಪದ್ಧತಿ ಇಲ್ಲ.

ಡೇಲ್ ಅರ್ನ್‌ಹಾರ್ಟ್ ಜೂನಿಯರ್ ವಿಷಯ ನೋಡಿ. ಅವರ ತಾತ ರಾಲ್ಫ್ ಓಡಿಸಿದ ನಂಬರ್ 8. ಅದೇ 8ರಲ್ಲಿ ಜೂನಿಯರ್ ಹೆಸರು ಮಾಡಿದ್ರು. 2007ರ ನಂತರ ಅಪ್ಪ ಕಟ್ಟಿದ ಟೀಮ್ ಬಿಟ್ಟು ಹೆಂಡ್ರಿಕ್ ಟೀಮಿಗೆ ಹೊರಟಾಗ 8 ಜೊತೆಗೆ ತರೋಕೆ ನೋಡಿದ್ರು. ಟೀಮಿನ ಒಡೆತನ ಇದ್ದದ್ದು ಮಲತಾಯಿ ತೆರೇಸಾ ಹತ್ರ, ಮಾತುಕತೆ ಕುದುರಲಿಲ್ಲ. ಕೊನೆಗೆ ರಾಬರ್ಟ್ ಯೇಟ್ಸ್ ಟೀಮಿನ ಕೈಲಿದ್ದ 88 ಸಿಕ್ತು. ಇಷ್ಟಾದ್ರೂ ಅಭಿಮಾನಿಗಳ ಓಟಿನಿಂದ ಬರೋ 'ಅತ್ಯಂತ ಜನಪ್ರಿಯ ಡ್ರೈವರ್' ಪ್ರಶಸ್ತಿ 2003ರಿಂದ 2017ರವರೆಗೆ ಸತತ 15 ವರ್ಷ ಅವರಿಗೇ ಬಂತು, 8ರಲ್ಲಿದ್ದಾಗ್ಲೂ, 88ರಲ್ಲಿದ್ದಾಗ್ಲೂ.

ಆ ಪ್ರಶಸ್ತಿಯ ಪಟ್ಟಿಯೇ ದೊಡ್ಡ ಪುರಾವೆ. ಬಿಲ್ ಎಲಿಯಟ್ 1991ರಿಂದ 2000ದವರೆಗೆ ಸತತವಾಗಿ ಗೆದ್ರು, ಆ ಅವಧಿಯಲ್ಲಿ ಅವರ ಕಾರಿನ ಮೇಲೆ 9, ಆಮೇಲೆ 11, ಆಮೇಲೆ 94. 2001ರಲ್ಲಿ ಜೂನಿಯರ್ ಅಪ್ಪ ಡೇಲ್ ಅರ್ನ್‌ಹಾರ್ಟ್ ಅವರಿಗೆ ಮರಣೋತ್ತರವಾಗಿ ಬಂತು, 2002ರಲ್ಲಿ ಮತ್ತೆ ಬಿಲ್, ಆಮೇಲೆ ಜೂನಿಯರ್, 2018ರಿಂದ ಬಿಲ್ ಮಗ ಚೇಸ್. 1991ರಿಂದ 2024ರವರೆಗೆ ಎಲಿಯಟ್, ಅರ್ನ್‌ಹಾರ್ಟ್ ಬಿಟ್ಟು ಮೂರನೇ ಮನೆತನಕ್ಕೆ ಅದು ಸಿಕ್ಕಿಲ್ಲ. ನಂಬರ್ ಎಷ್ಟು ಸಲ ಬದಲಾದ್ರೂ ಓಟು ಬಿದ್ದಿದ್ದು ಹೆಸರಿಗೆ.

ಹಾಗಂತ ನಂಬರ್‌ಗೆ ಲೆಕ್ಕವೇ ಇಲ್ಲ ಅಂತಲ್ಲ. ಪಾಯಿಂಟ್ಸ್ ಪಟ್ಟಿ ಎರಡಿರುತ್ತೆ: ಒಂದು ಡ್ರೈವರ್‌ದು, ಇನ್ನೊಂದು ಮಾಲೀಕರದ್ದು. ಮಾಲೀಕರ ಪಾಯಿಂಟ್ಸ್ ಸೇರೋದು ಕಾರಿನ ನಂಬರ್‌ಗೆ. 2023ರಲ್ಲಿ ಚೇಸ್ ಎಲಿಯಟ್ ಸ್ನೋಬೋರ್ಡ್ ಆಡ್ತಾ ಕಾಲು ಮುರ್ಕೊಂಡು ಆರು ರೇಸ್ ತಪ್ಪಿಸ್ಕೊಂಡ್ರು, ಷಾರ್ಲೆಟ್‌ನಲ್ಲಿ ಡೆನ್ನಿ ಹ್ಯಾಮ್ಲಿನ್ ಕಾರನ್ನ ಗೋಡೆಗೆ ತಳ್ಳಿದ್ದಕ್ಕೆ ಇನ್ನೊಂದು ರೇಸ್ ಅಮಾನತು. ಅಷ್ಟೂ ರೇಸ್‌ಗಳಲ್ಲಿ ಬೇರೆಯವರು 9ನೇ ಕಾರು ಓಡಿಸಿದ್ರು. ವರ್ಷದ ಕೊನೇಲಿ ಮಾಲೀಕರ ಪ್ಲೇಆಫ್‌ಗೆ (ಚಾಂಪಿಯನ್ ಯಾರು ಅಂತ ತೀರ್ಮಾನಿಸೋ ಕೊನೇ ರೇಸ್‌ಗಳಿಗೆ) 9ನೇ ಕಾರು ಹೋಯ್ತು, ಡ್ರೈವರ್‌ಗಳ ಪ್ಲೇಆಫ್‌ಗೆ ಚೇಸ್ ಹೋಗ್ಲಿಲ್ಲ. ಯಾವ ಪಟ್ಟಿ ನೋಡ್ತಿದ್ದೀವಿ ಅಂತ ಮೊದಲು ಖಚಿತ ಮಾಡ್ಕೊಳ್ಳಿ, ಇಲ್ದಿದ್ರೆ ಲೆಕ್ಕ ತಾಳೆ ಆಗಲ್ಲ.

ಈಗ 3ರ ವಿಷಯ. ಇದನ್ನ ನಿಧಾನವಾಗಿ ಹೇಳ್ಬೇಕು. ಡೇಲ್ ಅರ್ನ್‌ಹಾರ್ಟ್ ಏಳು ಸಲ ಚಾಂಪಿಯನ್. ಮೊದಲನೇದು 1980ರಲ್ಲಿ 2ನೇ ನಂಬರ್ ಕಾರಲ್ಲಿ, ಉಳಿದ ಆರು ಟೀಮ್ ಮಾಲೀಕ ರಿಚರ್ಡ್ ಚಿಲ್ಡ್ರೆಸ್ ಅವರ 3ರಲ್ಲಿ. 2001ರ ಫೆಬ್ರವರಿ 18, ನ್ಯಾಸ್ಕಾರ್‌ನ ಅತಿ ದೊಡ್ಡ ರೇಸ್ ಆದ ಡೇಟೋನಾ 500ರ ಕೊನೇ ಲ್ಯಾಪ್‌ನಲ್ಲಿ (ಸುತ್ತಿನಲ್ಲಿ) ಅವರು ತೀರ್ಕೊಂಡ್ರು. ಚಿಲ್ಡ್ರೆಸ್ 3ನ್ನ ತೆಗೆದು, ಅದೇ ತಂಡದ ಕಾರಿಗೆ ಬಿಳಿ ಬಣ್ಣ ಹೊಡೆಸಿ, 29 ಅಂತ ಬರೆಸಿ ಕೆವಿನ್ ಹಾರ್ವಿಕ್ ಕೈಗೆ ಕೊಟ್ರು. ಹಾರ್ವಿಕ್ ತಮ್ಮ ಮೂರನೇ ರೇಸ್‌ನಲ್ಲೇ, ಅಟ್ಲಾಂಟಾದಲ್ಲಿ, ಜೆಫ್ ಗೋರ್ಡನ್‌ಗಿಂತ 0.006 ಸೆಕೆಂಡ್ ಮುಂದೆ ಗೆರೆ ದಾಟಿದ್ರು. ಟೈರ್ ಹೊಗೆ ಎಬ್ಬಿಸ್ತಾ ಕಿಟಕಿಯಿಂದ ಮೂರು ಬೆರಳು ಎತ್ತಿ ತೋರಿಸಿದ್ರು. ಆ ವರ್ಷವಿಡೀ ರೇಸ್‌ಗಳ ಮೂರನೇ ಲ್ಯಾಪ್‌ನಲ್ಲಿ ಜನ ಎದ್ದು ನಿಂತು ಮೂರು ಬೆರಳು ಎತ್ತಿದ್ರು.

ಹದಿಮೂರು ವರ್ಷ ನ್ಯಾಸ್ಕಾರ್‌ನ ಅಗ್ರ ಸರಣಿಯಾದ ಕಪ್ ಸರಣಿಯಲ್ಲಿ 3 ಕಾಣ್ಲಿಲ್ಲ. 2014ರಲ್ಲಿ ಚಿಲ್ಡ್ರೆಸ್ ಅವರ ಮೊಮ್ಮಗ ಆಸ್ಟಿನ್ ಡಿಲನ್ ಅದನ್ನ ತಂದು ಡೇಟೋನಾ 500ರಲ್ಲಿ ಪೋಲ್, ಅಂದ್ರೆ ಎಲ್ಲರಿಗಿಂತ ಮುಂದೆ ನಿಂತು ರೇಸ್ ಶುರು ಮಾಡೋ ಜಾಗ, ಹಿಡಿದ್ರು, 2018ರಲ್ಲಿ ಅದೇ ರೇಸ್ ಗೆದ್ರು. ಕೆಲವರಿಗೆ ಈಗ್ಲೂ ಅದು ಒಪ್ಪಿಗೆ ಇಲ್ಲ. ನಮ್ಮ ಅಭಿಪ್ರಾಯ ಕೇಳಿದ್ರೆ, ಅರ್ನ್‌ಹಾರ್ಟ್‌ಗಿಂತ ಮೊದಲು ಚಿಲ್ಡ್ರೆಸ್ ತಾವೇ ಡ್ರೈವರ್ ಆಗಿ 3 ಓಡಿಸಿದವರು. ಮನೆಯವರ ಕೈಗೆ ಕೊಟ್ಟಿದ್ರಲ್ಲಿ ತಪ್ಪಿಲ್ಲ.

ಇನ್ನು ಟ್ರ್ಯಾಕ್‌ಗೆ ಹೋಗೋವ್ರಿಗೆ. ಕಾರಿನ ಬಣ್ಣ ನಂಬ್ಬೇಡಿ. ವರ್ಷಕ್ಕೆ 36 ಪಾಯಿಂಟ್ಸ್ ರೇಸ್, ಅಷ್ಟಕ್ಕೂ ಒಬ್ಬನೇ ಸ್ಪಾನ್ಸರ್ ದುಡ್ಡು ಹಾಕೋದು ಅಪರೂಪ, ಹಾಗಾಗಿ ಹೋದ ವಾರ ನೀಲಿ ಇದ್ದ ಕಾರು ಈ ವಾರ ಹಳದಿ ಇರಬಹುದು. ನಂಬರ್ ನೋಡಿ, ಆ ನಂಬರ್‌ನ ಶೈಲಿ ನೋಡಿ. 2022ರಲ್ಲಿ ಅದನ್ನ ಬಾಗಿಲ ನಡುವಿನಿಂದ ಮುಂದಿನ ಚಕ್ರದ ಕಡೆ ಸರಿಸಿದ್ರು, ನಂಬರ್ ಹಿಂದೆ ಸ್ಪಾನ್ಸರ್‌ಗೆ ಜಾಗ ಬೇಕಿತ್ತಲ್ಲ. ಕಾರು ಹತ್ರ ಬಂದಾಗ ಮುಂದಿನ ಗಾಜಿನ ಮೇಲ್ಭಾಗದಲ್ಲಿ ಡ್ರೈವರ್ ಹೆಸರು ಓದಬಹುದು.

ನಾರ್ತ್ ಕ್ಯಾರೋಲಿನಾದ ಷಾರ್ಲೆಟ್ ಕಡೆ ಇರೋ ಕನ್ನಡಿಗರಿಗೆ ಕಾರುಗಳ ಗುರುತು ಹಿಡಿಯೋದು ಇನ್ನೂ ಸುಲಭ, ಹೆಚ್ಚಿನ ಟೀಮ್‌ಗಳ ಶಾಪ್, ಅಂದ್ರೆ ಕಾರು ಸಿದ್ಧ ಮಾಡೋ ವರ್ಕ್‌ಶಾಪ್‌ಗಳು, ಕಾಂಕರ್ಡ್, ಮೂರ್ಸ್‌ವಿಲ್ ಸುತ್ತಲೇ ಇವೆ.

ಟೀಮ್‌ಗಳ ರೇಡಿಯೋ ಕೇಳೋ ಸ್ಕ್ಯಾನರ್ ಬಾಡಿಗೆಗೆ ತಗೊಳ್ಳಿ, ಡ್ರೈವರ್ ಮತ್ತು ಸ್ಪಾಟರ್ (ಎತ್ತರದಿಂದ ರೇಸ್ ನೋಡ್ತಾ ಡ್ರೈವರ್‌ಗೆ ಸೂಚನೆ ಕೊಡೋವ್ರು) ಮಾತಾಡೋದು ನೇರವಾಗಿ ಕೇಳುತ್ತೆ. ಕಿವಿ ಪೂರ್ತಿ ಮುಚ್ಚೋ ಹೆಡ್‌ಸೆಟ್ ಬೇಕೇ ಬೇಕು, ಮೊಬೈಲ್ ಇಯರ್‌ಫೋನ್ ಹಾಕಿದ್ರೆ ಇಂಜಿನ್ ಸದ್ದಲ್ಲಿ ಏನೂ ಕೇಳಲ್ಲ. ಆ ವಾರದ ಫ್ರೀಕ್ವೆನ್ಸಿ ಪಟ್ಟಿ ತುಂಬಿಸಿದ್ದಾರಾ ಅಂತ ಕೌಂಟರ್‌ನಲ್ಲೇ ಕೇಳಿ. ಚಾನಲ್‌ಗಳನ್ನ ಸಾಮಾನ್ಯವಾಗಿ ಕಾರ್ ನಂಬರ್ ಪ್ರಕಾರವೇ ಜೋಡಿಸಿರ್ತಾರೆ, ಆದ್ರಿಂದ ನಿಮ್ಮ ಡ್ರೈವರ್ ಈ ಸೀಸನ್ ಯಾವ ನಂಬರ್‌ಗೆ ಹೋಗಿದ್ದಾರೆ ಅಂತ ಮನೇಲೇ ನೋಡ್ಕೊಂಡು ಹೊರಡಿ. ಹಳೇ ನಂಬರ್ ಒತ್ತಿ ಕೂತ್ರೆ ಮೂರು ಗಂಟೆ ಬೇರೆಯವರ ದನಿ ಕೇಳ್ಬೇಕಾಗುತ್ತೆ.