ಆ ಕಾಗದಕ್ಕ ಸಹಿ ಮಾಡಬ್ಯಾಡ್ರೋ

ನಮಸ್ಕಾರ್ರಿ ಎಲ್ಲಾರಿಗೂ. ಧ್ವನಿ ಬರಾಕತ್ತೈತಿಲ್ರಿ? ಹಾಂ.

ಇವತ್ತ ನಾ ಬ್ಯಾರೆನ ವಿಡಿಯೋ ಮಾಡಾಂವ ಇದ್ದೆ. ಫೌಜಿನ ಭರ್ತಿಗೆ 1600 ಮೀಟರ್ ಓಟ ಐದೂವರಿ ನಿಮಿಷದಾಗ ಹೆಂಗ ಮುಗಸೂದು ಅಂತ. ಬೂಟ್ ಹಾಕ್ಕೊಂಡು ಗ್ರೌಂಡಿಗೆ ಹೊಂಟಾಂವ ಫೋನ್ ನೋಡ್ತೀನಿ, ಒಂದು ಕಮೆಂಟ್ ಬಂದೈತಿ. ಓದ್ತೀನಿ ಕೇಳ್ರಿ. "ಅಣ್ಣಾ, 17 ವರ್ಷ ನೌಕರಿ ಮಾಡಿ ಲಾನ್ಸ್ ನಾಯಕ ಆಗಿ ಮನಿಗೆ ಬಂದೀರಿ. ಹವಾಲ್ದಾರ್ ಸೈತ ಆಗಲಿಲ್ಲ. ನಮಗೇನ್ ಬುದ್ಧಿ ಹೇಳ್ತೀರಿ?" ಕೆಳಗ ನಾಕು ನಗೋ ಮಾರಿ. ನನ್ನ ವಿಡಿಯೋಕ್ಕಿಂತ ಆ ಕಮೆಂಟಿಗೇ ಲೈಕ್ ಜಾಸ್ತಿ ಬಿದ್ದಾವ.

ತಮ್ಮಾ, ನೀ ಖರೇನ ಹೇಳೀದಿ. ಅದಕ್ಕ ನಾನ ಹೇಳ್ಬೇಕು. ಬಾವಿ ಎಷ್ಟು ಆಳ ಐತಿ ಅಂತ ಬಿದ್ದಾಂವನ್ನ ಕೇಳ್ಬೇಕೋ, ದಂಡ್ಯಾಗ ಕುಂತು ಬೀಡಿ ಸೇದಾಂವನ್ನ ಕೇಳ್ಬೇಕೋ?

ಹದಿನೇಳು ವರ್ಷದಾಗ ನಾ ಕಲ್ತಿದ್ದು ಒಂದ ಮಾತು. ಅನ್‌ವಿಲ್ಲಿಂಗ್ ಸರ್ಟಿಫಿಕೇಟಿಗೆ ಸಹಿ ಮಾಡಬ್ಯಾಡ್ರಿ.

ಗೊತ್ತಿಲ್ದವ್ರಿಗೆ ಹೇಳ್ತೀನಿ. ಫೌಜಿನಾಗ ಸಿಪಾಯಿ, ಲಾನ್ಸ್ ನಾಯಕ, ನಾಯಕ, ಹವಾಲ್ದಾರ್, ಆಮ್ಯಾಲೆ ನಾಯಬ್ ಸುಬೇದಾರ್, ಹಿಂಗ ಮೆಟ್ಟಲಾ ಅದಾವ. ಬಡ್ತಿ ಸುಮ್ನ ಬರೂದಿಲ್ಲ. ಕೇಡರ್ ಅಂತ ಬಡ್ತಿ ಕೋರ್ಸ್ ಇರ್ತೈತಿ. ಡ್ರಿಲ್, ಹತ್ಯಾರ, ಮ್ಯಾಪ್ ರೀಡಿಂಗ್, ಎಲ್ಲಾ ಪಾಸಾಗ್ಬೇಕು. ನಿನ್ನ ಹೆಸರು ಬಂದಾಗ ಹೋಗಾಕ ಮನಸ್ಸಿಲ್ಲ ಅಂದ್ರ ಬರದು ಕೊಡಬೇಕು. "ನನ್ನ ಸ್ವಂತ ಇಚ್ಛಾದಿಂದ ಬ್ಯಾಡ ಅನ್ನಾಕತ್ತೀನಿ, ಯಾರ ಒತ್ತಾಯಾನೂ ಇಲ್ಲ" ಅಂತ. ಅರ್ಧ ಹಾಳಿ, ನಾಕು ಸಾಲು, ಅಷ್ಟ.

2008. ಜಮ್ಮು ಕಡೆ ಇದ್ದೆ. ಯುನಿಟ್ ಹೆಸರು ಹೇಳೂದಿಲ್ಲ, ಕೇಳಬ್ಯಾಡ್ರಿ. ಕೇಡರಿಗೆ ನನ್ನ ಹೆಸರು ಬಂತು. ಅದ ಹೊತ್ತಿಗೆ ಊರಾಗ ಜಾತ್ರಿ. ನಮ್ಮ ಅವ್ವ ಫೋನ್ ಮಾಡಿ, "ಈ ಸಲಾನೂ ಬರೂದಿಲ್ಲನು?" ಅಂದ್ಳು. ಮುಗೀತು. ಸ್ಟೀಲ್ ಮಗ್ಗಿನಾಗ ಚಹಾ ಹಿಡಕೊಂಡ ಕಂಪನಿ ಆಫೀಸಿಗೆ ಹೋದೆ. ಕ್ಲಾರ್ಕ್ ಟೈಪ್ ಮಾಡಿಟ್ಟಿದ್ದ, ಹೆಸರಿನ ಜಾಗ ಖಾಲಿ ಬಿಟ್ಟು. ನನ್ನಂಥ ಶಾಣ್ಯಾರು ಎಷ್ಟು ಮಂದಿ ಬರ್ತಿದ್ರೋ ಏನೋ! ಸಿಎಚ್‌ಎಮ್, ಅಂದ್ರ ಕಂಪನಿ ಹವಾಲ್ದಾರ್ ಮೇಜರ್ ಸಾಹೇಬ್ರು ತಲಿ ಎತ್ತಲಾರ್ದನ, "ಸೋಚ್ ಲೇ" ಅಂದ್ರು. ನಾ ಏನೂ ಯೋಚ್ನಿ ಮಾಡ್ಲಿಲ್ಲ. ಚಹಾದ ಮಗ್ಗು ಅದ ಕಾಗದದ ಮ್ಯಾಲೆ ಇಟ್ಟು, ಪೆನ್ ತಗೊಂಡು ಸಹಿ ಹೊಡದೆ. ಮಗ್ಗಿನ ಗುಂಡನ ಕಲೆ ಕಾಗದದ ಮ್ಯಾಲ ಹಂಗ ಉಳೀತು. ಅದರ ಝೆರಾಕ್ಸ್ ಇವತ್ತಿಗೂ ನನ್ನ ಟ್ರಂಕಿನಾಗ ಐತಿ, ಕಲೆ ಸಮೇತ.

ಜಾತ್ರಿಗೆ ಬಂದೆ. ಮೂರು ದಿನ ತೇರು, ಬೆಂಡು ಬತ್ತಾಸ, ದೋಸ್ತರು. ನಾಕನೇ ದಿನ ಎಲ್ಲಾರೂ ಹೊಲಕ್ಕ ಹೋದ್ರು. ನಾ ಕಟ್ಟಿಮ್ಯಾಲೆ ಕುಂತು ನೊಣ ಹೊಡದೆ. ವರ್ಷಕ್ಕ 60 ದಿನ ರಜಾ ಐತ್ರೀ ಜವಾನಗ, ಮ್ಯಾಲೆ 30 ದಿನ ಕ್ಯಾಜುವಲ್ ಲೀವ್. ಜಾತ್ರಿ ಮುಂದಿನ ವರ್ಷಾನೂ ಬರ್ತಿತ್ತು. ಕೇಡರ್ ಬರಲಿಲ್ಲ.

ಸಹಿ ಮಾಡಬ್ಯಾಡ್ರಿ!

ನನ್ನ ಜೋಡಿ ಅದ ದಿನ, ಅದ ಬೆಳಗಾವ್ಯಾಗ ಭರ್ತಿ ಆದಾಂವ ಒಬ್ಬ ಅದಾನ. ಓಟದಾಗ ನನಗಿಂತ ಹಿಂದ. ಇಂಗ್ಲಿಷ್ ಅಂದ್ರ ಇಬ್ಬರಿಗೂ ಜ್ವರ. ಅಂವಾ ಕೇಡರಿಗೆ ಹೋದ. ನಾಯಬ್ ಸುಬೇದಾರ್ ಆದ. ಲೆಕ್ಕಾ ಕೇಳ್ರಿ. ಏಳನೇ ವೇತನ ಆಯೋಗದಾಗ ಸಿಪಾಯಿ ಮೂಲ ಪಗಾರ 21,700ಕ್ಕ ಶುರು. ನಾಯಬ್ ಸುಬೇದಾರಂದು 35,400. ಪಿಂಚಣಿ ಅಂದ್ರ ಕಡೀ ಪಗಾರದ ಅರ್ಧ. ನಾ 17 ವರ್ಷಕ್ಕ ಗಂಟು ಕಟ್ಟಿದೆ, ಅಂವಗ 26 ವರ್ಷ, ಮ್ಯಾಲೆ ಎರಡು ವರ್ಷ ಜೋಡಿಸ್ಕೊಳ್ಳಾಕ ಅವಕಾಶ. ಬೆಳಗಾವಿ ಮಿಲ್ಟ್ರಿ ಕ್ಯಾಂಟೀನ್ ಪಾಳೆದಾಗ ಸಿಕ್ಕಿದ್ದ ಮೊನ್ನೆ. ರಮ್ ಕೋಟಾದಾಗ ಸೈತ ಅಂವಂದ ಜಾಸ್ತಿ! ಇದು ಮಾತ್ರ ನನಗ ಸಹನ ಆಗಂಗಿಲ್ಲ.

ಈಗ ಒಬ್ಬ ಬರೀತಾನ, "ಸರ್, ಬಡ್ತಿ ಇಲ್ದಿದ್ರೂ ಎಂಎಸಿಪಿ ಐತಲ್ಲ, 8, 16, 24 ವರ್ಷಕ್ಕ ಪಗಾರ ಏರ್ತೈತಿ." ಏರ್ತೈತಪ್ಪ. ಬಡ್ತಿ ಕೊಟ್ಟಾಗ ಬ್ಯಾಡ ಅಂದಾಂವಗ ಅದೂ ಕೈ ಕೊಡ್ತೈತಿ. ರೂಲ್ ಓದು, ಆಮ್ಯಾಲೆ ಬರಿ.

ಇನ್ನೊಬ್ಬ, "ಕ್ಯಾಪ್ಟನ್ ಗೋಪಿನಾಥ್ ನೌಕರಿ ಬಿಟ್ಟು ಬಂದು ವಿಮಾನ ಕಂಪನಿ ಮಾಡ್ಲಿಲ್ಲನು?" ಮಾಡಿದ್ರು, 2003ರಾಗ, ಏರ್ ಡೆಕ್ಕನ್. ಆದ್ರ ಅವರು ಅಫೀಸರ್ ಇದ್ರಪ್ಪಾ. ಬಂದು ಮದಲ ರೇಷ್ಮಿ ಬೆಳದ್ರು. ನಾನೂ ಬಂದು ಕಬ್ಬು ಬೆಳದೆ. ವಿಮಾನ ದೂರ ಉಳೀಲಿ, ಬಿಲ್ಲು ಬರೂತನಕ ಟ್ರ್ಯಾಕ್ಟರಿಗೆ ಡೀಸೆಲ್ ಉದ್ರಿ ತಂದೀನಿ. ಮತ್ತ ಆ ಉದಾಹರಣಿ ಕೊಡಬ್ಯಾಡ್ರಿ ನನಗ.

ಅಂದಂಗ ನೆನಪಾತು, ನಮ್ಮ ಮನ್ಯಾಕಿ ಶೇಂಗಾ ಚಟ್ನಿ ಮಾಡಾಕತ್ತಾಳ. ಅರ್ಧ ಕಿಲೋ, ಒಂದು ಕಿಲೋ ಪ್ಯಾಕೆಟ್. ನಂಬರ್ ಕೆಳಗ ಕೊಟ್ಟೀನಿ. ಲಡಾಖದ ಮಟಾ ಹೋಗೈತಿ, ಕೆಡೂದಿಲ್ಲ. ಭರ್ತಿ ಟ್ರೇನಿಂಗ್ ಹೊಸ ಬ್ಯಾಚೂ ಸೋಮವಾರದಿಂದ ಶುರು, ನಸುಕಿನ್ಯಾಗ ಐದಕ್ಕ. ಐದು ಅಂದ್ರ ಐದು. ಐದು ಹತ್ತಕ್ಕ ಬಂದಾಂವ ಹಂಗ ಹೊಳ್ಳಿ ಹೋಗಬೇಕು.

ಎಲ್ಲಿದ್ದೆ? ಹಾಂ, ಸಹಿ.

ಬರೇ ಕೇಡರ್ ಅಲ್ರೀ. ಎಸಿಸಿ ಐತಿ, ಡೆಹ್ರಾಡೂನ್ ಆರ್ಮಿ ಕೆಡೆಟ್ ಕಾಲೇಜ್. ಜವಾನ ಪರೀಕ್ಷಾ ಬರದು, ಕಲ್ತು, ಅಫೀಸರ್ ಆಗಬಹುದು. ಹನ್ನೆರಡನೇತ್ತ ಪಾಸಾಗಿರಬೇಕು, 27ರ ಒಳಗ ಇರಬೇಕು. ನಮ್ಮ ಬ್ಯಾರಕಿನಾಗ ಒಬ್ಬ ತಮಿಳು ಹುಡುಗ ರಾತ್ರಿ ಲೈಟ್ ಆರಿಸಿದ ಮ್ಯಾಲೆ ಕಂಬಳ್ಯಾಗ ಟಾರ್ಚ್ ಹಿಡಕೊಂಡು ಓದ್ತಿದ್ದ. ನಾವೆಲ್ಲಾ ಅಂವನ್ನ "ಜನರಲ್ ಸಾಬ್" ಅಂತ ಕಾಡ್ತಿದ್ವಿ. ಅಂವಾ ಪಾಸಾಗಿ ಹೋದ. ನಾವು ಇಸ್ಪೀಟ್ ಆಡಿದ್ವಿ. ಅದಕ್ಕ ನನ್ನನ್ನ ಯಾರೂ ಸಹಿ ಸೈತ ಕೇಳಲಿಲ್ಲ.

"ಮನಿ ಪರಿಸ್ಥಿತಿ ಇರ್ತೈತಿ ಅಣ್ಣಾ." ಇರ್ತೈತಿ. ಯಾರ ಮನ್ಯಾಗ ಇರೂದಿಲ್ಲ? ಸಹಿ ಮಾಡಬ್ಯಾಡ್ರಿ. "ಸಾಹೇಬ್ರ ಜೋಡಿ ಜಗಳಾ ಇತ್ತು." ಆ ಸಾಹೇಬ ಎರಡು ವರ್ಷಕ್ಕ ಪೋಸ್ಟಿಂಗ್ ಹೋಗ್ತಾನ, ನೀ ಎಲ್ಲಿ ಹೋಗ್ತಿ? ಸಹಿ ಮಾಡಬ್ಯಾಡ್ರಿ. "ನಾವು ಅಗ್ನಿವೀರರು, ನಾಕ ವರ್ಷ, ನೂರಕ್ಕ 25 ಮಂದಿ ಉಳ್ಯಾವ್ರು, ನಮಗೆಲ್ಲಿ ಕೇಡರ್?" ಅದು ಬ್ಯಾರೆ ವಿಡಿಯೋ. ಆದ್ರೂ ಸಹಿ ಮಾಡಬ್ಯಾಡ್ರಿ. ಯಾವ ಕಾಗದಕ್ಕ ಅಂತ ಕೇಳಬ್ಯಾಡ್ರಿ. ಯಾವುದಕ್ಕೂ ಮಾಡಬ್ಯಾಡ್ರಿ!

ನಮ್ಮ ಮನ್ಯಾಕಿ ಒಳಗಿಂದ ನಗಾಕತ್ತಾಳ, ಕೇಳಿಸ್ತಿಲ್ರಿ ನಿಮಗ? "ನೀವು ಹವಾಲ್ದಾರ್ ಆಗಿದ್ರ ಇನ್ನೂ ಎಷ್ಟು ವದರತಿದ್ರೋ" ಅಂತಾಳ. ನೋಡ್ರಿ, ಇದೂ ಒಂದು ಪಿಂಚಣಿ.

ಆ ಕಮೆಂಟ್ ಹಾಕಿದ ಹುಡುಗಾ, ನಿನ್ನ ಕಮೆಂಟ್ ಪಿನ್ ಮಾಡೀನಿ. ನಿನ್ನ ಪ್ರೊಫೈಲ್ ನೋಡಿದೆ, ಗೋಕಾಕ ಕಡ್ಯಾಂವ ಅದಿ. ಸೋಮವಾರ ಐದಕ್ಕ ಗ್ರೌಂಡಿಗೆ ಬಾ. ಫೀ ಬ್ಯಾಡ. ಬೂಟ್ ತಗೊಂಡ ಬಾ, ಪೆನ್ ತರಬ್ಯಾಡ.